ಕೋಲ್ಡ್ ಸ್ಟೋರೇಜ್‌ನಲ್ಲಿ ದೊಣ್ಣೆ ಮೆಣಸಿನಕಾಯಿಗೆ ಗುಳಿ ಬೀಳುತ್ತಿದೆ, ಹಾರ್ಮೋನ್ ಹಾಕಬಹುದೇ?

ಪ್ರಶ್ನೆ: ಮೇಡಂ, ನಾವು ಶಿಕಾರಿಪುರದ ಕಡೆಯವರು. ನಾಲ್ಕೈದು ಮನೆಯವರು ಸೇರಿ ಪಾಲಿಹೌಸ್‌ನಲ್ಲಿ ದೊಣ್ಣೆ ಮೆಣಸಿನಕಾಯಿ ಬೆಳೆಯುತ್ತಿದ್ದೇವೆ. ಜಾಸ್ತಿ ಹಸಿರು ಇಂದ್ರ ತಳಿ, ಸ್ವಲ್ಪ ಕೆಂಪು ಬಾಂಬೆ ತಳಿ. ರೇಟು ಬಿದ್ದಾಗ ಬಾಡಿಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತೇವೆ. ಅಲ್ಲಿ 3–4 ಡಿಗ್ರಿ ಇರುತ್ತದೆ. ಎರಡು ವಾರದ ಮೇಲೆ ತೆಗೆದಾಗಲೂ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಮಂಗಳೂರಿಗೆ ಕಳಿಸಿದ ಎರಡೇ ದಿನಕ್ಕೆ ಸಿಪ್ಪೆಯ ಮೇಲೆ ಸಣ್ಣ ಸಣ್ಣ ಗುಳಿ, ತೊಟ್ಟಿನ ಹತ್ತಿರ ಕಪ್ಪು, ಆಮೇಲೆ ಕೊಳೆ. ಔಷಧಿ ಅಂಗಡಿಯವರು ‘ಹೋಮೋಬ್ರಾಸಿನೋಲೈಡ್ ಅನ್ನೋ ಹಾರ್ಮೋನ್ ಬೆರೆಸಿದ ನೀರಲ್ಲಿ ಅದ್ದಿ ಇಡಿ, ಇಲ್ಲಾಂದ್ರೆ ಸ್ಯಾಲಿಸಿಲಿಕ್ ಆಮ್ಲ ಹಾಕಿ’ ಅಂತಾರೆ. ಯಾವುದು ಒಳ್ಳೆಯದು, ಲೀಟರಿಗೆ ಎಷ್ಟು? ಗುಳಿ ಬಿದ್ದ ಕಾಯಿ ತಿನ್ನಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ. ಇಂಥ ಹಾರ್ಮೋನುಗಳು ಕೊಯ್ದ ಕಾಯಿಗೆ ಆಗುವ ಚಳಿ ಪೆಟ್ಟನ್ನು ಕಡಿಮೆ ಮಾಡುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೂ ಮಾರುವ ಕಾಯಿಯನ್ನು ಆ ಬಾಟಲಿಯ ನೀರಿನಲ್ಲಿ ಅದ್ದಬೇಡಿ. ಯಾಕೆ ಅಂತ ಮುಂದೆ ವಿವರಿಸುತ್ತೇನೆ. ನಿಮ್ಮ ಕಾಯಿ ಹಾಳಾಗುತ್ತಿರುವುದು ಹಾರ್ಮೋನ್ ಸಾಲದೆ ಅಲ್ಲ, ಆ 3–4 ಡಿಗ್ರಿಯಿಂದ. ಹಾರ್ಮೋನು ಕಾಯಿಯೊಳಗೆ ಮಾಡುವ ಕೆಲಸದ ದೊಡ್ಡ ಪಾಲನ್ನು ಬಾಟಲಿ ಇಲ್ಲದೆಯೇ ಮಾಡಿಸಬಹುದು. ಅದನ್ನು ಮೊದಲು ಮಾಡಿ.

ಕಾಯಿಯೊಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದು ಸುಲಭ. ದೊಣ್ಣೆ ಮೆಣಸಿನಕಾಯಿ ಹೆಪ್ಪುಗಟ್ಟುವುದು ಸೊನ್ನೆಗಿಂತ ಸ್ವಲ್ಪ ಕೆಳಗೆ, ಸುಮಾರು ಮೈನಸ್ 0.7 ಡಿಗ್ರಿಯಲ್ಲಿ. ನಿಮ್ಮ ಕಾಯಿ ಹೆಪ್ಪುಗಟ್ಟಿಲ್ಲ. ಆದರೆ ಮೆಣಸಿನಕಾಯಿ ಗಿಡದ ಮೂಲ ಅಮೆರಿಕ ಖಂಡದ ಬೆಚ್ಚಗಿನ ನಾಡುಗಳು. ಅದರ ಕಾಯಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಒಗ್ಗುವುದಿಲ್ಲ. ಹೆಪ್ಪುಗಟ್ಟದಿದ್ದರೂ ಒಳಗೊಳಗೇ ಪೆಟ್ಟು ತಿನ್ನುತ್ತದೆ. ಬದನೆ, ಬೆಂಡೆ, ಸೌತೆ, ಟೊಮ್ಯಾಟೊ, ಬಾಳೆ ಎಲ್ಲಕ್ಕೂ ಈ ಗುಣ ಇದೆ. ಎಲೆಕೋಸು, ಕ್ಯಾರೆಟ್, ಸೇಬಿಗೆ ಇಲ್ಲ. ಅವಕ್ಕೆ ಸೊನ್ನೆಯ ಹತ್ತಿರದ ಚಳಿಯೇ ಹಿತ. ನೀವು ಬಾಡಿಗೆಗೆ ಹಿಡಿದಿರುವ ಕೋಣೆಯನ್ನು ಬಹುಶಃ ಅಂಥ ಮಾಲಿಗೆಂದು ಇಟ್ಟಿರಬೇಕು.

ಪ್ರತಿ ಜೀವಕೋಶದ ಸುತ್ತ ಕೊಬ್ಬಿನಿಂದಾದ ಒಂದು ತೆಳು ಪೊರೆ ಇರುತ್ತದೆ. ಅದು ಮೆತ್ತಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಚಳಿಗಾಲದ ಬೆಳಿಗ್ಗೆ ತೆಂಗಿನ ಎಣ್ಣೆ ಗಟ್ಟಿಯಾಗಿರುತ್ತದೆ, ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ಹರಿಯುತ್ತಿರುತ್ತದೆ, ಅಲ್ವಾ? ಪೊರೆಯ ಕೊಬ್ಬಿನಲ್ಲೂ ಇದೇ ವ್ಯತ್ಯಾಸ ಇದೆ. ಚಳಿ ನಾಡಿನ ಬೆಳೆಗಳ ಪೊರೆಯಲ್ಲಿ ಬೇಗ ಗಟ್ಟಿಯಾಗದ ಕೊಬ್ಬು ಜಾಸ್ತಿ. ಮೆಣಸಿನಕಾಯಿಯಲ್ಲಿ ಅದು ಕಡಿಮೆ. 3 ಡಿಗ್ರಿಯಲ್ಲಿ ಪೊರೆ ಬಿರುಸಾಗುತ್ತದೆ. ಅದರಲ್ಲಿ ಕೂತು ಕೆಲಸ ಮಾಡುವ ಕಿಣ್ವಗಳ ಲಯ ತಪ್ಪುತ್ತದೆ. ಉಸಿರಾಟ ಸರಿಯಾಗಿ ನಡೆಯದೆ ಆಮ್ಲಜನಕದ ಕೆರಳಿದ ರೂಪಗಳು ಹುಟ್ಟಿಕೊಳ್ಳುತ್ತವೆ. ಅವು ಪೊರೆಯ ಕೊಬ್ಬನ್ನೇ ಸುಡುತ್ತವೆ. ಕೊನೆಗೆ ಪೊರೆ ಸೋರಲು ಶುರುವಾಗುತ್ತದೆ.

ಕೋಣೆಯೊಳಗೆ ಇದೆಲ್ಲ ನಿಧಾನ. ಹಾಗಾಗಿ ಕಾಯಿ ನೋಡಲು ಚೆನ್ನಾಗಿಯೇ ಇರುತ್ತದೆ. ಹೊರಗೆ ತಂದು ಬೆಚ್ಚಗಾದ ಕೂಡಲೇ ಉಸಿರಾಟ ಜೋರಾಗುತ್ತದೆ. ಸೋರುವ ಜೀವಕೋಶಗಳಿಂದ ನೀರು ಹೊರಟುಹೋಗಿ ಸಿಪ್ಪೆಯ ಆ ಜಾಗ ಕುಸಿಯುತ್ತದೆ. ಅದೇ ನೀವು ನೋಡುವ ಗುಳಿ. ಸೋರಿದ ರಸದಲ್ಲಿ ಸಕ್ಕರೆ, ಲವಣ ಎಲ್ಲ ಇರುವುದರಿಂದ ಶಿಲೀಂಧ್ರಕ್ಕೆ ಊಟ ಸಿಕ್ಕಂತಾಗುತ್ತದೆ. ಆಲ್ಟರ್ನೇರಿಯಾ ಅನ್ನುವ ಕಪ್ಪು ಬೂಸ್ಟು ಈ ಗುಳಿಗಳಿಂದ, ತೊಟ್ಟಿನ ಟೊಪ್ಪಿಯಿಂದ ಒಳಗೆ ಇಳಿಯುತ್ತದೆ. ಎರಡು ದಿನದಲ್ಲಿ ಕಾಯಿ ಕೆಟ್ಟಂತೆ ಕಾಣುತ್ತದೆ, ನಿಜ. ಆದರೆ ಅದು ಕೆಟ್ಟಿದ್ದು ಲಾರಿಯಲ್ಲೂ ಅಲ್ಲ, ಮಂಗಳೂರಿನಲ್ಲೂ ಅಲ್ಲ. ಸ್ಟೋರೇಜ್‌ನಿಂದ ಇಳಿಸುವಾಗಲೇ ಒಂದು ಕಾಯಿ ಕೊಯ್ದು ಬೀಜ ನೋಡಿ. ಹೊಸ ಕಾಯಿಯಲ್ಲಿ ಬೀಜ ಕೆನೆ ಬಣ್ಣಕ್ಕಿರುತ್ತದೆ. ಚಳಿ ಪೆಟ್ಟು ಬಿದ್ದದ್ದರಲ್ಲಿ ಬೀಜ, ಬೀಜದ ಗಡ್ಡೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊರಗೆ ಗುಳಿ ಕಾಣುವ ಮೊದಲೇ ಎಷ್ಟೋ ಸಲ ಇದು ಹೇಳಿಬಿಡುತ್ತದೆ. ವ್ಯಾಪಾರಿಗೆ ಕಳಿಸಿ ಆಮೇಲೆ ಜಗಳ ಆಡುವುದಕ್ಕಿಂತ ಪ್ರತಿ ಲಾಟಿನಲ್ಲಿ ನಾಲ್ಕು ಕಾಯಿ ಕೊಯ್ದು ನೋಡುವುದು ಲೇಸು.

ಈಗ ಹಾರ್ಮೋನಿನ ವಿಷಯ. ಕೊಯ್ದ ಕಾಯಿ ಸತ್ತಿಲ್ಲ. ಉಸಿರಾಡುತ್ತಿರುತ್ತದೆ, ಬಂದ ಕಷ್ಟಕ್ಕೆ ತಕ್ಕ ಹಾಗೆ ತನ್ನನ್ನು ತಾನೇ ಬದಲಿಸಿಕೊಳ್ಳುವ ಶಕ್ತಿ ಇಟ್ಟುಕೊಂಡಿರುತ್ತದೆ. ಕೆರಳಿದ ಆಮ್ಲಜನಕವನ್ನು ತಣಿಸುವ ಕ್ಯಾಟಲೇಸ್, ಪೆರಾಕ್ಸಿಡೇಸ್ ಅನ್ನುವ ಕಿಣ್ವಗಳು ಅದರಲ್ಲಿ ಇದ್ದೇ ಇವೆ. ಕಷ್ಟ ಬರುತ್ತಿದೆ ಅನ್ನುವ ಸುದ್ದಿ ಮುಂಚೆ ಸಿಕ್ಕರೆ ಅವು ಜಾಸ್ತಿ ಹುಟ್ಟುತ್ತವೆ. ಗಿಡದೊಳಗೆ ಆ ಸುದ್ದಿ ಒಯ್ಯುವುದೇ ಈ ಹಾರ್ಮೋನುಗಳ ಕೆಲಸ. ಬ್ರಾಸಿನೋಲೈಡ್, ಜಾಸ್ಮೋನೇಟ್, ಸ್ಯಾಲಿಸಿಲಿಕ್ ಆಮ್ಲ ಮೂರೂ ಈ ಗುಂಪಿನವೇ. ಹೊರಗಿನಿಂದ ಒಂದಿಷ್ಟು ಹಚ್ಚಿದರೆ ಕಾಯಿ ಚಳಿ ಬರುವ ಮೊದಲೇ ಸಜ್ಜಾಗುತ್ತದೆ. ಇದರ ಹಿಂದಿರುವ ಯೋಚನೆ ಇಷ್ಟೇ, ಮತ್ತು ಅದು ಗಟ್ಟಿಯಾದ ಯೋಚನೆ.

ನೀವು ಹೆಸರು ಹೇಳಿದ ಹೋಮೋಬ್ರಾಸಿನೋಲೈಡ್, ಬ್ರಾಸಿನೋಲೈಡ್‌ನ ಹತ್ತಿರದ ಸಂಬಂಧಿ. ಬ್ರಾಸಿನೋಲೈಡನ್ನು ಮೊದಲು ಬೇರ್ಪಡಿಸಿದ್ದು 1979ರಲ್ಲಿ, ಸಾಸಿವೆ ಜಾತಿಯ ರೇಪ್ ಗಿಡದ ಪರಾಗದಿಂದ. ಹಸಿರು ದೊಣ್ಣೆ ಮೆಣಸಿನಕಾಯಿಯ ಮೇಲೆ ಅದನ್ನು ಹಚ್ಚಿ, 3 ಡಿಗ್ರಿಯಲ್ಲಿ 18 ದಿನ ಇಟ್ಟು ನೋಡಿದ ಚೀನಾದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. 15 ಮೈಕ್ರೋಮೋಲಾರ್ ಅಳತೆಯಲ್ಲಿ ಹಚ್ಚಿದ ಕಾಯಿಗಳಲ್ಲಿ ಗುಳಿ ಕಡಿಮೆಯಾಯಿತು, ಸೋರಿಕೆ ಇಳಿಯಿತು, ಹಸಿರು ಬಣ್ಣ ಮತ್ತು ವಿಟಮಿನ್ ಸಿ ಹೆಚ್ಚು ಉಳಿಯಿತು. ಅದಕ್ಕೂ ಮೊದಲು, 2004ರಲ್ಲಿ, ಮೀಥೈಲ್ ಜಾಸ್ಮೋನೇಟ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್‌ನ ಆವಿಯನ್ನು ಮುಚ್ಚಿದ ಡಬ್ಬದಲ್ಲಿ ದೊಣ್ಣೆ ಮೆಣಸಿನಕಾಯಿಗೆ ತಾಗಿಸಿ, ಆಮೇಲೆ ಚಳಿಯಲ್ಲಿಟ್ಟ ಪ್ರಯೋಗದ ಫಲಿತಾಂಶ ಬಂದಿತ್ತು. ಚಳಿ ತಡೆಯುವ ಶಕ್ತಿ ಹೆಚ್ಚಿತು. ಉಸಿರಾಟದ ದಾರಿ ಕಟ್ಟಿಕೊಂಡಾಗ ಪಕ್ಕದ ದಾರಿ ತೆರೆದುಕೊಡುವ ಒಂದು ಕಿಣ್ವ ಗಿಡಗಳಲ್ಲಿದೆ. ಅದನ್ನು ತಯಾರಿಸುವ ಜೀನ್ ಈ ಆವಿ ತಾಗಿದ ಕಾಯಿಗಳಲ್ಲಿ ಚುರುಕಾಗಿತ್ತು. ಮೀಥೈಲ್ ಸ್ಯಾಲಿಸಿಲೇಟ್ ನಿಮಗೆ ಹೊಸದೇನಲ್ಲ. ನೋವಿನ ಮುಲಾಮುಗಳ ಖಾರವಾದ ವಾಸನೆ ಅದರದ್ದೇ. ಇತ್ತೀಚೆಗೆ ಮೆಲಟೋನಿನ್ ಬಗ್ಗೆಯೂ ಇದೇ ರೀತಿಯ ವರದಿಗಳು ಬರುತ್ತಿವೆ.

ಇಷ್ಟು ಓದಿದ ಮೇಲೆ ‘ಹಾಗಾದರೆ ಅದ್ದಿಬಿಡೋಣ’ ಅನ್ನಿಸುವುದು ಸಹಜ. ಸ್ವಲ್ಪ ತಡೆಯಿರಿ. ಆ ಪ್ರಯೋಗಗಳು ನಡೆದದ್ದು ಪ್ರಯೋಗಾಲಯದಲ್ಲಿ, ಆರಿಸಿದ ಕಾಯಿಗಳ ಮೇಲೆ, ಶುದ್ಧ ರಾಸಾಯನಿಕ ಬಳಸಿ. ಎಲ್ಲದರಲ್ಲೂ ಕಂಡದ್ದು ಪೆಟ್ಟು ಕಡಿಮೆಯಾದದ್ದು. ಪೆಟ್ಟೇ ಇಲ್ಲವಾದದ್ದಲ್ಲ. ಅದೇ ಕಾಯಿಯನ್ನು 8 ಡಿಗ್ರಿಯಲ್ಲಿ ಇಟ್ಟರೆ ತಡೆಯಬೇಕಾದ ಪೆಟ್ಟೇ ಹೆಚ್ಚೂಕಡಿಮೆ ಇರುವುದಿಲ್ಲ. ಬೇರೆ ದಾರಿಯಿಲ್ಲದೆ ತೀರಾ ತಣ್ಣಗೆ ಇಡಲೇಬೇಕಾದವರಿಗೆ ಹಾರ್ಮೋನಿನ ಉಪಯೋಗ ಹೆಚ್ಚು. ನಿಮಗೆ ಬೇರೆ ದಾರಿ ಇದೆ.

ಬಾಟಲಿಯ ಲೆಕ್ಕವನ್ನೂ ಮಾಡೋಣ. 15 ಮೈಕ್ರೋಮೋಲಾರ್ ಅಂದರೆ ಲೀಟರ್ ನೀರಿಗೆ ಸುಮಾರು 7.2 ಮಿಲಿಗ್ರಾಂ ಬ್ರಾಸಿನೋಲೈಡ್. ನಮ್ಮಲ್ಲಿ ಸಿಗುವ ಹೋಮೋಬ್ರಾಸಿನೋಲೈಡ್ ಶೇಕಡಾ 0.04ರದ್ದು. ಅಂದರೆ ಒಂದು ಮಿಲಿಯಲ್ಲಿ 0.4 ಮಿಲಿಗ್ರಾಂ. ಆ ಅಳತೆಗೆ ಬರಬೇಕಾದರೆ ಲೀಟರಿಗೆ 18 ಮಿಲಿ ಹಾಕಬೇಕು. 200 ಲೀಟರ್ ಡ್ರಮ್ಮಿಗೆ ಮೂರೂವರೆ ಲೀಟರಿಗಿಂತ ಜಾಸ್ತಿ ಬೇಕು! ಇದು ಹೊಲದಲ್ಲಿ ಸಿಂಪಡಿಸುವ ಅಳತೆಗಿಂತ ಹಲವು ಪಟ್ಟು. ಖರ್ಚು ಬದಿಗಿರಲಿ. ಆ ಬಾಟಲಿಯಲ್ಲಿ ಹಾರ್ಮೋನಿನ ಜೊತೆ ಅದನ್ನು ಕರಗಿಸುವ ದ್ರಾವಕ, ನೀರಿನಲ್ಲಿ ಬೆರೆಸುವ ಪದಾರ್ಥ ಎಲ್ಲ ಇರುತ್ತವೆ. ಎಲೆಯ ಮೇಲೆ ತೆಳ್ಳಗೆ ಸಿಂಪಡಿಸಿ, ಆಮೇಲೆ ದಿನಗಟ್ಟಲೆ ಬಿಸಿಲು ಗಾಳಿಗೆ ಬಿಡುವ ಲೆಕ್ಕದಲ್ಲಿ ಅದನ್ನು ತಯಾರಿಸಿದ್ದಾರೆ. ನಾಳೆ ಯಾರದೋ ಮನೆಯಲ್ಲಿ ಹಸಿಯಾಗಿ ಸಲಾಡಿಗೆ ಹೆಚ್ಚುವ ಕಾಯಿಗೆ ಅದನ್ನು ಲೀಟರಿಗೆ 18 ಮಿಲಿಯಂತೆ ಬಳಿಯುವುದು ನನಗೆ ಒಪ್ಪಿಗೆಯಿಲ್ಲ. ಇನ್ನು ಅಂಗಡಿಯವರು ಹೇಳುವ ಹಾಗೆ ಲೀಟರಿಗೆ ಅರ್ಧ ಮಿಲಿ, ಒಂದು ಮಿಲಿ ಹಾಕಿದರೆ ಪ್ರಯೋಗದಲ್ಲಿ ಕಂಡ ಫಲ ಸಿಗುತ್ತದೆ ಅಂತ ನಂಬಲು ಆಧಾರವಿಲ್ಲ. ಎರಡು ಕಡೆಯಿಂದಲೂ ನಷ್ಟ.

ಕಾನೂನೂ ಇದೆ. ಹೋಮೋಬ್ರಾಸಿನೋಲೈಡ್, ಜಿಬರೆಲಿಕ್ ಆಮ್ಲದಂಥ ಬೆಳವಣಿಗೆ ನಿಯಂತ್ರಕಗಳು ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿಯಾಗಿ ಮಾರಾಟವಾಗುತ್ತವೆ. ಯಾವ ಬೆಳೆಗೆ, ಯಾವ ಹಂತದಲ್ಲಿ, ಎಷ್ಟು ಅನ್ನುವುದು ಲೇಬಲ್ ಮೇಲೆ ಇರುತ್ತದೆ. ಅದು ಹೊಲದ ಬೆಳೆಗೆ ಕೊಟ್ಟ ಅನುಮತಿ, ಕೊಯ್ದ ಕಾಯಿಯನ್ನು ಅದ್ದಲು ಕೊಟ್ಟದ್ದಲ್ಲ. ಸ್ಯಾಲಿಸಿಲಿಕ್ ಆಮ್ಲ ಕೂಡ ಆಹಾರ ಕೆಡದಂತೆ ಬಳಸಲು ಅನುಮತಿ ಇರುವ ಪದಾರ್ಥಗಳಲ್ಲಿ ಇಲ್ಲ. ‘ಗಿಡದಲ್ಲೇ ಇರುವ ವಸ್ತು, ಏನೂ ಆಗಲ್ಲ’ ಅನ್ನುವವರ ಮಾತು ಕೇಳಬೇಡಿ. ನಿಮ್ಮ ಗುಂಪಿನ ಹೆಸರಲ್ಲಿ ಹೋಗುವ ಮಾಲು ಅದು. ಒಮ್ಮೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೆಸರು ಸುಧಾರಿಸಿಕೊಳ್ಳಲು ವರ್ಷಗಳು ಬೇಕು.

ಬೇರೆ ಹಾರ್ಮೋನುಗಳ ಬಗ್ಗೆಯೂ ನೀವು ಕೇಳಿರುತ್ತೀರಿ. ಎನ್‌ಎಎ ಹೂ ಉದುರದಂತೆ ಸಿಂಪಡಿಸುವುದು. ಕೋಲ್ಡ್ ಸ್ಟೋರೇಜಿಗೂ ಅದಕ್ಕೂ ಸಂಬಂಧ ಇಲ್ಲ. ಹಣ್ಣು ಮಾಗಿಸುವ ಎಥಿಲಿನ್ ಅನಿಲವನ್ನು ಬಿಡುವ ಎಥ್ರೆಲ್ ಅಂತೂ ಬೇಡವೇ ಬೇಡ. ಬಾಳೆ, ಟೊಮ್ಯಾಟೊ ಕೊಯ್ದ ಮೇಲೆ ಎಥಿಲಿನ್‌ನಿಂದ ಹಣ್ಣಾಗುವಂತೆ ದೊಣ್ಣೆ ಮೆಣಸಿನಕಾಯಿ ಆಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅಂದರೆ ಉಷ್ಣಾಂಶ. ದೊಣ್ಣೆ ಮೆಣಸಿನಕಾಯಿಗೆ ಸರಿಯಾದದ್ದು 7.5 ಡಿಗ್ರಿ. 7ರಿಂದ 10ರ ಒಳಗೆ ಇದ್ದರೆ ನಡೆಯುತ್ತದೆ. ಗಾಳಿಯ ತೇವ ಶೇಕಡಾ 90–95 ಇರಬೇಕು. ಚೆನ್ನಾಗಿ ಕೊಯ್ದ ಕಾಯಿ ಹೀಗೆ ಎರಡು ಮೂರು ವಾರ ನಿಲ್ಲುತ್ತದೆ. 5 ಡಿಗ್ರಿಯಲ್ಲೂ ಎರಡು ವಾರ ತಡೆಯಬಹುದು, ಅಲ್ಲಿಂದ ಮುಂದೆ ಪೆಟ್ಟು ಕಾಣಲು ಶುರುವಾಗುತ್ತದೆ. 3 ಡಿಗ್ರಿಯಲ್ಲಿ ಅಷ್ಟು ದಿನವೂ ಸಿಗುವುದಿಲ್ಲ. 10 ದಾಟಿದರೆ ಗುಳಿಯ ಭಯ ಇಲ್ಲ, ಆದರೆ ನೀರು ಆರಿ ಕಾಯಿ ಬಾಡುತ್ತದೆ, ಬಣ್ಣ ತಿರುಗುತ್ತದೆ.

‘ಸ್ಟೋರೇಜಿನವರು ನಮಗೋಸ್ಕರ ಡಿಗ್ರಿ ಏರಿಸಲ್ಲ’ ಅಂತೀರಿ. ಹೌದು, ಒಂದೇ ಕೋಣೆಯಲ್ಲಿ ಸೇಬು, ಕ್ಯಾರೆಟ್ ಇದ್ದರೆ ಅವರು ಏರಿಸುವಂತೆಯೂ ಇಲ್ಲ. ಅಲ್ಲಿ ಸಣ್ಣ ಕೋಣೆ ಬೇರೆಯಾಗಿ ಇದ್ದರೆ ಅದನ್ನು 8 ಡಿಗ್ರಿಗೆ ಇಟ್ಟುಕೊಡಲು ಕೇಳಿ. ಬೆಂಡೆ, ಬೀನ್ಸ್ ಬೆಳೆಯುವ ಅಕ್ಕಪಕ್ಕದವರನ್ನೂ ಸೇರಿಸಿಕೊಂಡರೆ ಕೋಣೆ ತುಂಬುತ್ತದೆ. ಅವಕ್ಕೂ ಹತ್ತಿರ ಹತ್ತಿರ ಇದೇ ಉಷ್ಣಾಂಶ ಸಾಕು. ಬಾಳೆಯನ್ನು ಮಾತ್ರ ಸೇರಿಸಬೇಡಿ, ಅದಕ್ಕೆ 13–14 ಡಿಗ್ರಿ ಬೇಕು. ಎರಡನೆಯ ದಾರಿ ನಿಮ್ಮದೇ ಸಣ್ಣ ಕೋಣೆ. ಗೋಡೆಗೆ ದಪ್ಪ ಥರ್ಮಾಕೋಲ್ ಅಥವಾ ಪಫ್ (ಫೋಮ್) ಹಾಳೆ ಹೊಡೆದು, ಮಾಮೂಲಿ ಎಸಿಗೆ ಒಂದು ನಿಯಂತ್ರಕ ಜೋಡಿಸಿ 8 ಡಿಗ್ರಿಗೆ ಇಳಿಸುವ ಕೋಣೆಗಳು ಈಗ ಅಲ್ಲಲ್ಲಿ ಬಂದಿವೆ. 3 ಡಿಗ್ರಿಗೆ ಎಸಿಯನ್ನು ಎಳೆಯುವುದು ಕಷ್ಟ, 8ಕ್ಕೆ ಅಷ್ಟು ಕಷ್ಟವಿಲ್ಲ. ನಿಮ್ಮ ಬೆಳೆಗೆ ಬೇಕಾದದ್ದೂ 8ರ ಆಸುಪಾಸೇ. ನಾಲ್ಕೈದು ಮನೆ ಸೇರಿದ್ದೀರಿ, ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ವಿಚಾರಿಸಿ.

ಇಟ್ಟಿಗೆ, ಮರಳಿನ ನಡುವೆ ನೀರು ಹನಿಸಿ ತಂಪು ಮಾಡುವ ತೊಟ್ಟಿಯನ್ನು ಕೆಲವರು ಹೇಳುತ್ತಾರೆ. ಮಾರ್ಚ್–ಏಪ್ರಿಲ್‌ನ ಒಣ ಗಾಳಿಯಲ್ಲಿ ಅದು ಒಂದೆರಡು ದಿನಕ್ಕೆ ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಹನಿಸಿದ ನೀರು ಆರುವುದಿಲ್ಲ, ತೊಟ್ಟಿ ತಂಪಾಗುವುದೂ ಇಲ್ಲ.

ಇನ್ನೊಂದು ಮಾತು. ಕೋಣೆಯ ಹೊರಗಿನ ಡಬ್ಬಿ ತೋರಿಸುವ ಡಿಗ್ರಿಯನ್ನು ನಂಬಬೇಡಿ. ಅದು ಒಂದು ಜಾಗದ ಲೆಕ್ಕ. ಬ್ಲೋವರ್‌ನ ಎದುರಿಗೆ ಜೋಡಿಸಿದ ಕ್ರೇಟುಗಳಿಗೆ ಅದಕ್ಕಿಂತ ತಣ್ಣನೆಯ ಗಾಳಿ ನೇರವಾಗಿ ಹೊಡೆಯುತ್ತದೆ. ಒಂದು ಥರ್ಮಾಮೀಟರ್‌ನ ತುದಿಯನ್ನು ಕಾಯಿಯೊಳಗೇ ಚುಚ್ಚಿ, ಆ ಕಾಯಿಯನ್ನು ಬ್ಲೋವರ್ ಎದುರಿನ ಕ್ರೇಟಿನಲ್ಲಿ ಇಡಿ. ಇನ್ನೊಂದನ್ನು ಬಾಗಿಲ ಹತ್ತಿರ ಇಡಿ. ಎರಡರ ನಡುವಿನ ವ್ಯತ್ಯಾಸ ನೋಡಿದ ಮೇಲೆ ಒಂದೇ ಲಾಟಿನಲ್ಲಿ ಕೆಲವು ಕ್ರೇಟು ಮಾತ್ರ ಯಾಕೆ ಹಾಳಾಗುತ್ತವೆ ಅನ್ನುವುದು ನಿಮಗೇ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದೂ ತೊಂದರೆಯೇ. ಕೋಣೆ ಬೆಚ್ಚಗಾಗಿ ಮತ್ತೆ ತಣ್ಣಗಾಗುವಾಗ ಕಾಯಿಯ ಮೇಲೆ ನೀರು ಕೂರುತ್ತದೆ. ಜನರೇಟರ್ ಇಲ್ಲದ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಎರಡು ವಾರ ಇಡುವ ಯೋಚನೆಯನ್ನೇ ಬಿಡಿ.

ಹಾರ್ಮೋನಿನ ಕೆಲಸವನ್ನು ಬಾಟಲಿ ಇಲ್ಲದೆ ಮಾಡಿಸಬಹುದು ಅಂದೆನಲ್ಲ, ಅದಕ್ಕೆ ಎರಡು ದಾರಿ ಇವೆ. ಒಂದು, ನಿಧಾನವಾಗಿ ತಂಪು ಮಾಡುವುದು. ಕೊಯ್ದ ಕಾಯಿಯ ಬಿಸಿ ಬೇಗ ಇಳಿಸಬೇಕು ನಿಜ. ಆದರೆ ಇಳಿಸುವುದು 10 ಡಿಗ್ರಿಯ ತನಕ ಮಾತ್ರ. ಅಲ್ಲಿ ಕೆಲವು ದಿನ ಇದ್ದ ಕಾಯಿ ಮುಂದಿನ ಚಳಿಯನ್ನು ನೇರವಾಗಿ ಹೋದ ಕಾಯಿಗಿಂತ ಚೆನ್ನಾಗಿ ತಡೆಯುತ್ತದೆ. ಹಾರ್ಮೋನ್ ಕೊಡುವ ಮುನ್ಸೂಚನೆಯನ್ನು ಇಲ್ಲಿ ಹದವಾದ ಚಳಿಯೇ ಕೊಡುತ್ತದೆ.

ಎರಡನೆಯದು ಬಿಸಿ ನೀರು. ಇಸ್ರೇಲಿನಲ್ಲಿ ದೊಣ್ಣೆ ಮೆಣಸಿನಕಾಯಿಯನ್ನು ಬ್ರಷ್ಷುಗಳ ಮೇಲೆ ಉರುಳಿಸುತ್ತಾ 55 ಡಿಗ್ರಿ ನೀರಿನಿಂದ ಸುಮಾರು 12 ಸೆಕೆಂಡ್ ತೊಳೆಯುವ ಪದ್ಧತಿ 1990ರ ದಶಕದಲ್ಲೇ ಬಂತು. ಸಿಪ್ಪೆಯ ಮೇಲಿನ ಬೂಸ್ಟಿನ ಬೀಜಕಣ ತೊಳೆದುಹೋಗುತ್ತದೆ, ಮೇಣದ ಪದರ ಸಣ್ಣ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. 53 ಡಿಗ್ರಿಯಲ್ಲಿ 4 ನಿಮಿಷ ಅದ್ದುವ ಇನ್ನೊಂದು ಕ್ರಮವೂ ಹಸಿರು ಕಾಯಿಯ ಮೇಲೆ ಪರೀಕ್ಷೆಯಾಗಿದೆ. ಬಿಸಿ ತಾಗಿದ ಕಾಯಿ ರಕ್ಷಣೆಯ ಪ್ರೋಟೀನುಗಳನ್ನು ಹುಟ್ಟಿಸಿಕೊಳ್ಳುತ್ತದೆ. ಅವು ಆಮೇಲೆ ಚಳಿಯಲ್ಲೂ ಕೆಲಸಕ್ಕೆ ಬರುತ್ತವೆ. ಇದರಲ್ಲಿ ರಾಸಾಯನಿಕವೇ ಇಲ್ಲ. ಅದಕ್ಕೇ ನಿಮ್ಮಂಥ ಗುಂಪಿಗೆ ನಾನು ಹಾರ್ಮೋನಿಗಿಂತ ಮೊದಲು ಇದನ್ನು ಹೇಳುತ್ತೇನೆ.

ಅಡಿಕೆ ಬೇಯಿಸುವ ಹಂಡೆ ಮನೆಯಲ್ಲಿದೆ, ಅದರಲ್ಲೇ ಮಾಡೋಣ ಅನ್ನಿಸಬಹುದು. ಚೊಗರು ಹಿಡಿದ ಹಂಡೆ ಬೇಡ, ಕಾಯಿಗೆ ಕಲೆ ಹತ್ತುತ್ತದೆ. ಶುದ್ಧವಾದ ಸ್ಟೀಲ್ ಪಾತ್ರೆ ಬೇಕು, ಒಳ್ಳೆಯ ಥರ್ಮಾಮೀಟರ್ ಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡುವ ಕೆಲಸ ಅಲ್ಲ ಇದು. 53ರಲ್ಲಿ ಔಷಧವಾಗುವ ನೀರು ಇನ್ನೈದು ಡಿಗ್ರಿ ಏರಿದರೆ ಸಿಪ್ಪೆಯನ್ನು ಬೇಯಿಸುತ್ತದೆ. ಒಂದು ಕ್ರೇಟು ಮುಳುಗಿಸಿದ ಕೂಡಲೇ ನೀರು ತಣಿಯುತ್ತದೆ, ಹಾಗಾಗಿ ಕಾಯಿ ಕಡಿಮೆ, ನೀರು ಜಾಸ್ತಿ ಇರಲಿ. ತಳದಲ್ಲಿ ಬಿಸಿ, ಮೇಲೆ ತಣ್ಣಗೆ ಆಗದಂತೆ ಕಲಕುತ್ತಿರಿ. ತೆಗೆದ ಮೇಲೆ ತಣ್ಣೀರಿಗೆ ಹಾಕಬೇಡಿ. ಬಿಸಿಯಾದ ಕಾಯಿಯ ಒಳಗಿನ ಗಾಳಿ ತಣ್ಣೀರಿನಲ್ಲಿ ಕುಗ್ಗುತ್ತದೆ, ತೊಟ್ಟಿನ ಸಂದಿಯಿಂದ ನೀರನ್ನು ಟೊಳ್ಳಿನೊಳಕ್ಕೆ ಎಳೆದುಕೊಳ್ಳುತ್ತದೆ. ಕೊಳೆಗೆ ಅದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಫ್ಯಾನಿನ ಕೆಳಗೆ ಪೂರ್ತಿ ಆರಿಸಿ ಆಮೇಲೆ ಕ್ರೇಟಿಗೆ ತುಂಬಿ.

ನೀರು ಆರುವುದನ್ನು ತಡೆಯುವುದು ಇಷ್ಟೇ ಮುಖ್ಯ. ಗುಳಿ ಅಂದರೆ ಒಂದು ಜಾಗದಲ್ಲಿ ಜೀವಕೋಶ ಒಣಗಿ ಕುಸಿದದ್ದು ಅಂತ ಹೇಳಿದೆ. ಸುತ್ತ ತೇವ ಇದ್ದರೆ ಅಷ್ಟೇ ಪೆಟ್ಟಿನ ಕಾಯಲ್ಲೂ ಗುಳಿ ಕಡಿಮೆ. ಕ್ರೇಟಿನ ಒಳಗೆ ತೂತುಗಳಿರುವ ತೆಳು ಪಾಲಿಥೀನ್ ಹಾಸಿ, ಕಾಯಿ ತುಂಬಿ, ಮೇಲೆ ಮಡಚಿ. ತೂತು ಇಲ್ಲದ ಚೀಲ ಬೇಡ, ಒಳಗೆ ಬೆವರುತ್ತದೆ. ದೊಣ್ಣೆ ಮೆಣಸಿನಕಾಯಿಯ ಸಿಪ್ಪೆಯಲ್ಲಿ ಎಲೆಯಲ್ಲಿರುವಂಥ ಉಸಿರಾಟದ ರಂಧ್ರಗಳೇ ಇಲ್ಲ. ನೀರು ಹೋಗುವುದು ಮೇಣದ ಪದರದ ಮೂಲಕ, ತೊಟ್ಟು ಮತ್ತು ಟೊಪ್ಪಿಯ ಮೂಲಕ. ಕೈಯಿಂದ ಕಿತ್ತಾಗ ತೊಟ್ಟು ಹರಿದರೆ, ಕ್ರೇಟಿನ ಒರಟು ಅಂಚಿಗೆ ಉಜ್ಜಿದರೆ, ಅಲ್ಲೊಂದು ಹೊಸ ಬಾಗಿಲು ತೆರೆದ ಹಾಗೆಯೇ. ಕತ್ತರಿಯಿಂದ ತೊಟ್ಟು ಬಿಟ್ಟು ಕೊಯ್ಯಿರಿ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೊಯ್ಯಿರಿ. ಇಷ್ಟು ಹೇಳಿದರೆ ಸಾಕು, ಕೊಯ್ಲು ನಿಮಗೆ ನಾನು ಕಲಿಸಬೇಕಾದದ್ದಲ್ಲ.

ಹಸಿರು, ಕೆಂಪು ಎರಡನ್ನೂ ಒಟ್ಟಿಗೆ ಇಡುತ್ತಿದ್ದರೆ ಬೇರೆ ಮಾಡಿ. ಪೂರ್ತಿ ಬಣ್ಣ ಬಂದ ಕಾಯಿ ಚಳಿಯನ್ನು ಹಸಿರಿಗಿಂತ ಚೆನ್ನಾಗಿ ತಡೆಯುತ್ತದೆ. ಬಾಡಿಗೆ ಕೋಣೆಯನ್ನು 5 ಡಿಗ್ರಿಗಿಂತ ಮೇಲೆ ಏರಿಸಲು ಆಗುವುದೇ ಇಲ್ಲ ಅಂದರೆ ಅಲ್ಲಿಗೆ ಕೆಂಪನ್ನು ಮಾತ್ರ ಕಳಿಸಿ. ಹಸಿರು ಇಂದ್ರವನ್ನು ಹೊರಗೇ ತಂಪಾದ ಜಾಗದಲ್ಲಿಟ್ಟು ನಾಲ್ಕೈದು ದಿನದಲ್ಲಿ ಮಾರಿಬಿಡಿ. ಚಳಿ ಪೆಟ್ಟು ಬಿದ್ದ ಮಾಲಿಗೆ ಸಿಗುವ ರೇಟಿಗಿಂತ ಬಿದ್ದ ರೇಟೇ ವಾಸಿ.

ಹೊರಗೆ ತೆಗೆಯುವಾಗಲೂ ಎಚ್ಚರ ಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ 20 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ತಂದಿಟ್ಟರೂ ಅದರ ಮೇಲೆ ನೀರು ಹನಿಯುತ್ತದೆ. ಒದ್ದೆ ಕಾಯಿಯನ್ನು ಹಾಗೇ ಲಾರಿಗೆ ತುಂಬಿ ಟಾರ್ಪಾಲು ಹೊದೆಸಿದರೆ ಘಟ್ಟ ಇಳಿಯುವಷ್ಟರಲ್ಲಿ ಬೂಸ್ಟು ಕೆಲಸ ಶುರು ಮಾಡಿರುತ್ತದೆ. ಕ್ರೇಟಿನ ಪಾಲಿಥೀನ್ ಮಡಚಿದ ಹಾಗೇ ಇರಲಿ. ಕಾಯಿ ಹೊರಗಿನ ಹದಕ್ಕೆ ಬರುವವರೆಗೆ ಬಿಚ್ಚಬೇಡಿ. ನೀರು ಪಾಲಿಥೀನ್ ಮೇಲೆ ಕೂರಲಿ, ಕಾಯಿಯ ಮೇಲಲ್ಲ. ಆಮೇಲೆ ಬಿಚ್ಚಿ, ಒಂದಿಷ್ಟು ಗಾಳಿ ಆಡಿಸಿ ತುಂಬಿ.

ಇಷ್ಟಾದ ಮೇಲೂ ಹಾರ್ಮೋನ್ ನಿಮ್ಮ ತಳಿಗೆ ಏನು ಮಾಡುತ್ತದೆ ನೋಡಬೇಕು ಅನ್ನಿಸಿದರೆ ನೋಡಿ. ಆ ಕುತೂಹಲ ಒಳ್ಳೆಯದೇ. ಒಂದು ಕ್ರೇಟಿನಲ್ಲಿ ಮಾಡಿ, ಆ ಕಾಯಿಯನ್ನು ಮಾರಬೇಡಿ, ತಿನ್ನಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಹಣ್ಣು ತರಕಾರಿಗಳ ಪ್ರಯೋಗದಲ್ಲಿ ಸ್ಯಾಲಿಸಿಲಿಕ್ ಆಮ್ಲವನ್ನು ಸಾಮಾನ್ಯವಾಗಿ 1–2 ಮಿಲಿಮೋಲಾರ್ ಬಳಸುತ್ತಾರೆ. ಲೀಟರಿಗೆ 0.14ರಿಂದ 0.28 ಗ್ರಾಂ ಆಗುತ್ತದೆ. ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ, ಮೊದಲು ಸ್ವಲ್ಪ ಬಿಸಿ ನೀರಿನಲ್ಲಿ ಕರಗಿಸಿಕೊಳ್ಳಬೇಕು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅನ್ನುವ ಲೆಕ್ಕ ಇಲ್ಲಿಲ್ಲ, ಸಿಪ್ಪೆಯೇ ಸುಡುತ್ತದೆ. ಪಕ್ಕದಲ್ಲಿ ಬರೀ ನೀರಿನಲ್ಲಿ ಅದ್ದಿದ ಒಂದು ಕ್ರೇಟು, 53 ಡಿಗ್ರಿ ನೀರಿನದ್ದು ಒಂದು, ಏನೂ ಮಾಡದ್ದು ಒಂದು ಇರಲೇಬೇಕು. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಅಳೆಯಲು ನಿಮ್ಮ ಹತ್ತಿರವೇ ಒಂದು ಸಾಧನ ಇದೆ. ಡ್ರಿಪ್ಪಿನ ಗೊಬ್ಬರದ ನೀರಿಗೆ ಇಸಿ ಮೀಟರ್, ಅಂದರೆ ನೀರಿನಲ್ಲಿ ಲವಣ ಎಷ್ಟಿದೆ ಅಂತ ವಿದ್ಯುತ್ ಹರಿವಿನಿಂದ ತೋರಿಸುವ ಮೀಟರ್, ಇಟ್ಟಿದ್ದೀರಲ್ಲ, ಪ್ರಯೋಗಾಲಯದಲ್ಲಿ ಪೊರೆಯ ಸೋರಿಕೆ ಅಳೆಯುವುದೂ ಅದೇ ತತ್ವದಲ್ಲಿ. ಕಾಯಿಯ ತೊಗಟೆಯಿಂದ ಒಂದೇ ಅಳತೆಯ ಹತ್ತು ಬಿಲ್ಲೆ ಕತ್ತರಿಸಿ. ಕೊಯ್ದ ಅಂಚಿನ ರಸ ಹೋಗುವ ಹಾಗೆ ತೊಳೆಯಿರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 50 ಮಿಲಿಯಲ್ಲಿ ಎರಡು ಗಂಟೆ ನೆನೆಸಿ ಮೀಟರ್ ಇಡಿ. ಆಮೇಲೆ ಅದೇ ನೀರಿನಲ್ಲಿ ಬಿಲ್ಲೆಗಳನ್ನು ಕಾಲು ಗಂಟೆ ಕುದಿಸಿ, ಕುದಿದು ಕಡಿಮೆಯಾದಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ 50 ಮಿಲಿ ಮಾಡಿ, ತಣಿಸಿ, ಇನ್ನೊಮ್ಮೆ ನೋಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಎಷ್ಟು ಸೋರಿತು ಅನ್ನುವುದು ಸಿಗುತ್ತದೆ. ಅದೇ ದಿನ ಕೊಯ್ದ ಕಾಯಿಗೆ ಹೋಲಿಸಿ. ಮೀಟರ್ ಮೈಕ್ರೋಸೀಮೆನ್ಸ್ ತೋರಿಸುವಂಥದ್ದಾಗಿರಬೇಕು. ಮಿಲಿಸೀಮೆನ್ಸ್ ಮಾತ್ರ ತೋರಿಸುವುದರಲ್ಲಿ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿಗೆ ಗುಳಿ ಕಾಣುವ ಮುಂಚೆಯೇ ಯಾವ ಕ್ರೇಟು ಪೆಟ್ಟು ತಿಂದಿದೆ ಅಂತ ಇದರಿಂದ ಅಂದಾಜು ಸಿಗುತ್ತದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲೋ ಈ ಲೆಕ್ಕ ಹಿಡಿದುಕೊಂಡು ಹೋಗಿ ಮಾತಾಡಿ. ಕೊಯ್ಲಿನ ನಂತರದ ಪ್ರಯೋಗವನ್ನು ಅವರ ಜೊತೆ ಸೇರಿ ಮಾಡಿದರೆ ನಿಮ್ಮ ಊರಿನ ಹವೆಗೆ, ನಿಮ್ಮ ತಳಿಗೆ ಸರಿಯಾದ ಅಳತೆ ಸಿಗುತ್ತದೆ. ಚೀನಾದ ಕಾಯಿಯ ಲೆಕ್ಕವನ್ನು ಹಾಗೇ ಇಲ್ಲಿಗೆ ತರುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಗುಳಿ ಬಿದ್ದ ಕಾಯಿ ತಿನ್ನಬಹುದಾ ಅಂತ ಕೇಳಿದ್ದೀರಿ. ಬರೀ ಗುಳಿ ಇದ್ದು ಬೂಸ್ಟು, ಕೊಳೆ, ಹುಳಿ ವಾಸನೆ ಇಲ್ಲದಿದ್ದರೆ ತಿನ್ನಬಹುದು. ಚಳಿ ಪೆಟ್ಟು ರೋಗವಲ್ಲ, ವಿಷವೂ ಅಲ್ಲ. ಆದರೆ ಇಟ್ಟುಕೊಳ್ಳುವ ಹಾಗಿಲ್ಲ. ದೂರದ ಮಾರ್ಕೆಟ್ಟಿಗೆ ಹಾಕದೆ ಅದೇ ದಿನ ಹತ್ತಿರದ ಹೋಟೆಲು, ಮೆಸ್ಸುಗಳಿಗೆ ವಿಷಯ ಹೇಳಿಯೇ ಕಡಿಮೆ ರೇಟಿಗೆ ಕೊಡಿ. ಹೆಚ್ಚಿ ಬೇಯಿಸುವ ಪಲ್ಯ, ಗ್ರೇವಿಗೆ ಏನೂ ತೊಂದರೆ ಇಲ್ಲ. ತೊಟ್ಟಿನ ಸುತ್ತ ಕಪ್ಪು ಬೂಸ್ಟು ಕಂಡರೆ ಕಾಯಿ ಕೊಯ್ದು ಒಳಗೆ ನೋಡಿ. ಎಷ್ಟೋ ಸಲ ಹೊರಗೆ ಚುಕ್ಕೆಯಷ್ಟೇ ಇದ್ದು ಟೊಳ್ಳಿನೊಳಗೆ ಬೀಜದ ತುಂಬ ಹರಡಿರುತ್ತದೆ. ಅಂಥದ್ದನ್ನು ಆ ಭಾಗ ಮಾತ್ರ ಕತ್ತರಿಸಿ ಬಳಸಬೇಡಿ, ಇಡೀ ಕಾಯಿಯನ್ನೇ ಬಿಸಾಡಿ.